ಕ್ಯಾನ್ಸರ್‌ಗೆ ನ್ಯಾನೊ ಕಣ: ಬಂದದ್ದೆಷ್ಟು, ಬರಬೇಕಾದದ್ದೆಷ್ಟು?

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ನದಿಯ ದಡದಲ್ಲಿರುವ ದಢೇಸುಗೂರು ಭತ್ತದ ಊರು. ಕೃಷಿ ಸಂಶೋಧನಾ ಕೇಂದ್ರವೂ ಇಲ್ಲಿದೆ. ಈ ಸೀಮೆಯ ಬೆಳೆಗಾರರಿಗೆ ‘ನ್ಯಾನೊ’ ಎಂಬ ಶಬ್ದ ಅಪರಿಚಿತವಲ್ಲ. 2021ರಲ್ಲಿ ಇಫ್ಕೊ ಸಂಸ್ಥೆಯು ದ್ರವರೂಪದ ನ್ಯಾನೊ ಯೂರಿಯಾವನ್ನು ಮಾರುಕಟ್ಟೆಗೆ ತಂದ ಬಳಿಕ ಗೊಬ್ಬರದಂಗಡಿಯ ಮೂಲಕವೇ ಆ ಶಬ್ದ ಹಳ್ಳಿಗಳನ್ನು ತಲುಪಿದೆ.

ಕ್ಯಾನ್ಸರ್ ಕುರಿತ ಸುದ್ದಿಗಳಲ್ಲಿಯೂ ಅದೇ ಶಬ್ದ ಪದೇ ಪದೇ ಕೇಳಿಬರುತ್ತಿದೆ. ಕಣ್ಣಿಗೆ ಕಾಣದ ಕಣವೊಂದು ಗಡ್ಡೆಯನ್ನು ಹುಡುಕಿ ನಾಶಪಡಿಸುತ್ತದೆ ಎಂಬ ವರದಿಯನ್ನು ಓದಿದ ರೋಗಿಯ ಮನೆಯವರಲ್ಲಿ ಮೂಡುವ ಪ್ರಶ್ನೆ ಒಂದೇ: ಈ ಚಿಕಿತ್ಸೆ ಎಲ್ಲಿ ಸಿಗುತ್ತದೆ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ನ್ಯಾನೊ ತಂತ್ರಜ್ಞಾನದ ಒಂದು ಭಾಗ ಆಗಲೇ ಆಸ್ಪತ್ರೆಗೆ ಬಂದಿದೆ. ಹೆಚ್ಚು ಸುದ್ದಿಯಾಗುವ ಇನ್ನೊಂದು ಭಾಗ ಇನ್ನೂ ಪ್ರಯೋಗಾಲಯದಲ್ಲಿಯೇ ಇದೆ.

ಎಷ್ಟು ಚಿಕ್ಕದು?

ಒಂದು ಮಿಲಿಮೀಟರ್‌ನ 10 ಲಕ್ಷದ ಒಂದು ಭಾಗವೇ ನ್ಯಾನೊಮೀಟರ್. 5 ಮಿ.ಮೀ. ಉದ್ದದ ಅಕ್ಕಿ ಕಾಳೊಂದು 50 ಲಕ್ಷ ನ್ಯಾನೊಮೀಟರ್ ಉದ್ದವಿರುತ್ತದೆ. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರದ ವಸ್ತುಗಳನ್ನು ನ್ಯಾನೊ ವಸ್ತುಗಳೆಂದು ಕರೆಯಲಾಗುತ್ತದೆ.

ಈ ಗಾತ್ರಕ್ಕೆ ಇಳಿದಾಗ ವಸ್ತುವಿನ ಗುಣವೇ ಬದಲಾಗುತ್ತದೆ. ಹಳದಿ ಚಿನ್ನದ ನ್ಯಾನೊ ಕಣಗಳು ಕೆಂಪಾಗಿ ಕಾಣುತ್ತವೆ. ಔಷಧದಂಗಡಿಯಲ್ಲಿ ದೊರೆಯುವ ಗರ್ಭಧಾರಣೆ ಪರೀಕ್ಷಾ ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆ ಬಹುಮಟ್ಟಿಗೆ ಇಂಥ ಚಿನ್ನದ ಕಣಗಳದ್ದೇ. ನಿರ್ದಿಷ್ಟ ಪ್ರೋಟೀನನ್ನು ಹಿಡಿದಿಡುವ ಪ್ರತಿಕಾಯಗಳನ್ನು ಕಣಕ್ಕೆ ಅಂಟಿಸಿರುತ್ತಾರೆ. ಆ ಪ್ರೋಟೀನ್ ಸಿಕ್ಕಾಗ ಕಣಗಳು ಗೆರೆಯಲ್ಲಿ ಸೇರಿಕೊಳ್ಳುತ್ತವೆ. ಕ್ಯಾನ್ಸರ್ ಗಡ್ಡೆಯು ರಕ್ತಕ್ಕೆ ಬಿಡುವ ಪ್ರೋಟೀನುಗಳನ್ನು ಇದೇ ತತ್ವದಿಂದ ಆರಂಭದಲ್ಲಿಯೇ ಪತ್ತೆ ಹಚ್ಚುವ ಯತ್ನಗಳು ಹಲವೆಡೆ ನಡೆದಿವೆ.

ಆಸ್ಪತ್ರೆಗೆ ಬಂದಿರುವುದು

ಕಿಮೊಥೆರಪಿಯ ಔಷಧಗಳು ಕ್ಯಾನ್ಸರ್ ಕೋಶಗಳ ಜೊತೆಗೆ ಆರೋಗ್ಯವಂತ ಕೋಶಗಳನ್ನೂ ಕೊಲ್ಲುತ್ತವೆ. ಕೂದಲು ಉದುರುವುದು, ವಾಂತಿ, ನಿಶ್ಶಕ್ತಿಗಳಿಗೆ ಇದೇ ಕಾರಣ. ಔಷಧವನ್ನು ನ್ಯಾನೊ ಗಾತ್ರದ ಹೊದಿಕೆಯೊಳಗಿಟ್ಟು ಕಳುಹಿಸಿದರೆ ಈ ಹಾನಿಯನ್ನು ತಗ್ಗಿಸಬಹುದೆಂಬ ಆಲೋಚನೆ ಹಳೆಯದು. ಡಾಕ್ಸೊರುಬಿಸಿನ್ ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಯಲ್ಲಿ ತುಂಬಿದ ‘ಡಾಕ್ಸಿಲ್’ಗೆ ಅಮೆರಿಕದಲ್ಲಿ 1995ರಲ್ಲಿಯೇ ಅನುಮತಿ ದೊರೆಯಿತು. ಮೂಲ ಔಷಧದಿಂದ ಹೃದಯಕ್ಕೆ ಆಗುತ್ತಿದ್ದ ಹಾನಿ ಇದರಿಂದ ಕಡಿಮೆಯಾಯಿತು.

ಪ್ಯಾಕ್ಲಿಟಾಕ್ಸೆಲ್ ಎಂಬ ಇನ್ನೊಂದು ಔಷಧ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಲು ಬಳಸುತ್ತಿದ್ದ ದ್ರಾವಕವೇ ಕೆಲ ರೋಗಿಗಳಲ್ಲಿ ತೀವ್ರ ಅಲರ್ಜಿ ಉಂಟುಮಾಡುತ್ತಿತ್ತು. ರಕ್ತದಲ್ಲಿರುವ ಆಲ್ಬುಮಿನ್ ಪ್ರೋಟೀನಿಗೆ ಔಷಧವನ್ನು ಬೆಸೆದು, ಸುಮಾರು 130 ನ್ಯಾನೊಮೀಟರ್ ಗಾತ್ರದ ಕಣವಾಗಿಸಿದಾಗ ದ್ರಾವಕದ ಅಗತ್ಯವೇ ಇಲ್ಲವಾಯಿತು. 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ರೂಪವನ್ನು ಸ್ತನ ಕ್ಯಾನ್ಸರ್ ಮೊದಲಾದವುಗಳಿಗೆ ಭಾರತದಲ್ಲಿಯೂ ನೀಡಲಾಗುತ್ತಿದೆ.

ಗಡ್ಡೆಯಲ್ಲಿ ಕಣಗಳು ಸೇರುವುದೇಕೆ?

1986ರಲ್ಲಿ ಜಪಾನಿನ ವಿಜ್ಞಾನಿಗಳಾದ ಮಾತ್ಸುಮುರಾ ಮತ್ತು ಮಾಯೆದಾ ಇದಕ್ಕೊಂದು ವಿವರಣೆ ನೀಡಿದರು. ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಅದನ್ನು ಹೇಳುವುದು ಸುಲಭ. ಕಾಲುವೆಯ ಏರಿ ಸೋರುತ್ತಿದ್ದು, ಬಸಿಗಾಲುವೆಯೂ ಹೂಳು ತುಂಬಿದ್ದರೆ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ವೇಗವಾಗಿ ಬೆಳೆಯುವ ಗಡ್ಡೆಯ ಸ್ಥಿತಿಯೂ ಹೀಗೆಯೇ. ಅದರ ರಕ್ತನಾಳಗಳ ಗೋಡೆ ಬಿರುಕು ಬಿರುಕಾಗಿರುತ್ತದೆ, ದ್ರವವನ್ನು ಹೊರಸಾಗಿಸುವ ನಾಳಗಳೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೀಗಾಗಿ ರಕ್ತದಲ್ಲಿ ಸಾಗುವ ನ್ಯಾನೊ ಕಣಗಳು ಗಡ್ಡೆಯೊಳಗೆ ಸೋರಿ ಅಲ್ಲಿಯೇ ಉಳಿಯುತ್ತವೆ ಎಂಬುದು ಅವರ ವಾದವಾಗಿತ್ತು.

ಬೆಂಗಳೂರಿನ ಪ್ರಯೋಗಗಳು

ಪತ್ತೆ ಮತ್ತು ಚಿಕಿತ್ಸೆ ಎರಡನ್ನೂ ಒಂದೇ ಕಣದಿಂದ ಸಾಧಿಸುವ ಯತ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಪ್ರಾಧ್ಯಾಪಕರಾದ ಅಶೋಕ್ ಎಂ. ರಾಯಚೂರ್ ಹಾಗೂ ಜಯಪ್ರಕಾಶ್ ಅವರ ತಂಡವು ಚಿನ್ನ ಮತ್ತು ತಾಮ್ರದ ಸಲ್ಫೈಡ್ ಸೇರಿದ, 8 ನ್ಯಾನೊಮೀಟರ್‌ಗಿಂತಲೂ ಕಿರಿದಾದ ಮಿಶ್ರ ಕಣಗಳನ್ನು ರೂಪಿಸಿ 2023ರಲ್ಲಿ ವಿವರಗಳನ್ನು ಪ್ರಕಟಿಸಿತು. ಇಂಥ ಆರು ಲಕ್ಷಕ್ಕೂ ಹೆಚ್ಚು ಕಣಗಳನ್ನು ಸಾಲಾಗಿಟ್ಟರೂ ಒಂದು ಅಕ್ಕಿ ಕಾಳಿನ ಉದ್ದವಷ್ಟೇ ಆದೀತು.

ಕಣಗಳ ಮೇಲೆ ಬೆಳಕು ಬಿದ್ದಾಗ ಅವು ಬಿಸಿಯಾಗುತ್ತವೆ. ಆ ಶಾಖ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಜೊತೆಗೆ ಕೋಶಗಳಿಗೆ ಮಾರಕವಾದ ಒಂದು ಬಗೆಯ ಆಮ್ಲಜನಕವೂ ಉತ್ಪತ್ತಿಯಾಗುತ್ತದೆ. ಬಿಸಿಯಾದಾಗ ಉಂಟಾಗುವ ಹಿಗ್ಗುವಿಕೆ ಶಬ್ದದ ಅಲೆಗಳನ್ನು ಹೊಮ್ಮಿಸುತ್ತದೆ. ದೇಹದೊಳಗೆ ಬೆಳಕಿಗಿಂತ ಶಬ್ದ ಕಡಿಮೆ ಚದುರುವುದರಿಂದ, ಈ ಅಲೆಗಳನ್ನು ಆಲಿಸಿ ಗಡ್ಡೆಯ ಸ್ಪಷ್ಟ ಚಿತ್ರ ಪಡೆಯಬಹುದು. ಶ್ವಾಸಕೋಶ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಾಲಯದಲ್ಲಿ ಕಣಗಳನ್ನು ಪರೀಕ್ಷಿಸಲಾಗಿದೆ. ಮನುಷ್ಯರಿಗೆ ಇವು ಸುರಕ್ಷಿತವೇ ಎಂಬುದು ವಿಸ್ತೃತ ಅಧ್ಯಯನದ ಬಳಿಕವಷ್ಟೇ ಹೇಳಬಹುದಾದ ಮಾತು.

ಇದೇ ಸಂಸ್ಥೆಯ ಅಂಬರೀಷ್ ಘೋಷ್ ಮತ್ತು ಸಹೋದ್ಯೋಗಿಗಳು 2020ರಲ್ಲಿ ಇನ್ನೊಂದು ದಾರಿ ತೋರಿದರು. ಸುರುಳಿಯಾಕಾರದ ನ್ಯಾನೊ ಯಂತ್ರಗಳನ್ನು ಕಾಂತಕ್ಷೇತ್ರದಿಂದ ನಡೆಸಿ, ಪ್ರಯೋಗಾಲಯದಲ್ಲಿ ಬೆಳೆಸಿದ ಗಡ್ಡೆಯ ಮಾದರಿಯೊಳಗೆ ಅವರು ಸಾಗಿಸಿದರು. ಕ್ಯಾನ್ಸರ್ ಕೋಶಗಳ ಸಮೀಪ ಬಂದಾಗ ಅವು ಹೆಚ್ಚಾಗಿ ಅಂಟಿಕೊಳ್ಳುವುದು ಕಂಡುಬಂದಿತು.

ತೊಡಕು ಎಲ್ಲಿ?

ಸೋರುವ ಕಾಲುವೆಯ ವಾದ ಪೂರ್ತಿ ಕೈಹಿಡಿದಿಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಿಂದಿನ ಹತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2016ರಲ್ಲಿ ನೀಡಿದ ಲೆಕ್ಕದಂತೆ, ಪ್ರಾಣಿಗಳಿಗೆ ಚುಚ್ಚಿದ ನ್ಯಾನೊ ಕಣಗಳಲ್ಲಿ ಗಡ್ಡೆಯನ್ನು ತಲುಪಿದ್ದು ಮಧ್ಯಾಂಕದ ಲೆಕ್ಕದಲ್ಲಿ ಶೇ 0.7ರಷ್ಟು ಮಾತ್ರ. ಉಳಿದವುಗಳಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳೇ ಸೋಸಿ ಹಿಡಿಯುತ್ತವೆ. ಹಾಗೆ ಉಳಿದ ಲೋಹದ ಕಣಗಳ ದೂರಗಾಮಿ ಪರಿಣಾಮವನ್ನೂ ನೋಡಬೇಕಾಗುತ್ತದೆ. ಬೆಳಕು ಚರ್ಮದಿಂದ ಆಳಕ್ಕೆ ಇಳಿಯಲಾರದೆಂಬುದು ಇನ್ನೊಂದು ಮಿತಿ. ಗಾಜಿನ ತಟ್ಟೆಯಲ್ಲಿನ ಕೋಶ ಸತ್ತ ಮಾತ್ರಕ್ಕೆ ರೋಗಿ ಗುಣಮುಖನಾಗುತ್ತಾನೆ ಎನ್ನಲಾಗದು. ನಡುವೆ ಪ್ರಾಣಿಗಳ ಮೇಲಿನ ಪರೀಕ್ಷೆ, ಬಳಿಕ ಮನುಷ್ಯರ ಮೇಲಿನ ಹಂತ ಹಂತದ ಪರೀಕ್ಷೆಗಳಿವೆ.

ರೋಗಿಗೆ ಇಂದು ಏನು?

ದಢೇಸುಗೂರಿನ ಸೇತುವೆ ದಾಟುವ ರಾಷ್ಟ್ರೀಯ ಹೆದ್ದಾರಿ 150ಎ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮೂಲಕ ಜೇವರ್ಗಿಯತ್ತ ಸಾಗುತ್ತದೆ. ಅದರಾಚೆಯ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಘಟಕವಿದೆ. ಮುಖ್ಯ ಆಸ್ಪತ್ರೆಯಿರುವ ಬೆಂಗಳೂರು 300 ಕಿ.ಮೀ.ಗೂ ಹೆಚ್ಚು ದೂರ. ಈ ದೂರ ಹಾಗೂ ಖರ್ಚಿಗೆ ಅಂಜಿ ತಪಾಸಣೆ ಮುಂದೂಡುವವರಿಗೆ ‘ಹೊಸ ಚಿಕಿತ್ಸೆ ಬರುತ್ತಿದೆ’ ಎಂಬ ಸುದ್ದಿ ಕಾಯಲು ಇನ್ನೊಂದು ನೆಪವಾಗಬಾರದು. ‘ನ್ಯಾನೊ’ ಹೆಸರಿನಲ್ಲಿ ಮಾರುವ ಪುಡಿ, ಹನಿಗಳನ್ನು ನಂಬಿ ನಡೆಯುತ್ತಿರುವ ಚಿಕಿತ್ಸೆ ಬಿಡುವುದು ಅದಕ್ಕಿಂತಲೂ ಅಪಾಯಕಾರಿ.

30 ವರ್ಷ ದಾಟಿದವರಿಗೆ ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ನಡೆಸುವ ಕಾರ್ಯಕ್ರಮವಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಗೆ ನೆರವಾಗುತ್ತದೆ. ಮೂರು ವಾರ ಕಳೆದರೂ ಮಾಯದ ಬಾಯಿ ಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಬಳಿಕದ ರಕ್ತಸ್ರಾವ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನ್ಯಾನೊ ಕಣಗಳು ನಾಳೆ ಎಷ್ಟೇ ಪ್ರಬಲವಾಗಲಿ, ಗಡ್ಡೆ ಚಿಕ್ಕದಿರುವಾಗಲೇ ಪತ್ತೆಯಾದರೆ ರೋಗಿಗೆ ಸಿಗುವ ಅನುಕೂಲ ಇಂದೇ ಕೈಗೆಟುಕುವಂಥದ್ದು.