ಡೇರೆ ಗಡ್ಡೆಗೆ ಕಣ್ಣು ಎಲ್ಲಿದೆ?

ಮಳೆಗಾಲ ಬಂತೆಂದರೆ ನಮ್ಮ ಮಲೆನಾಡಿನ ಅಂಗಳಗಳಲ್ಲಿ ಡೇರೆ ಹೂವಿನದೇ ದರ್ಬಾರು. ನಮ್ಮ ಮನೆಯಲ್ಲೂ ದಾದಿಮಾ ನೆಟ್ಟ ಕಡುಗೆಂಪು ಡೇರೆ ಪ್ರತಿ ವರ್ಷ ಅರಳುತ್ತಿತ್ತು. ಅವರು ತೀರಿಕೊಂಡ ಮೇಲೆ, ಕಳೆದ ವರ್ಷ, ಆ ಕೆಲಸ ನನ್ನ ಪಾಲಿಗೆ ಬಂತು. ಆರು ಗಡ್ಡೆ ನೆಟ್ಟೆ. ಒಂದೂ ಚಿಗುರಲಿಲ್ಲ. ಏಕೆ ಹೀಗಾಯಿತು ಎಂದು ವಿಚಾರಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡೇರೆ ಅಂದರೆ ಡೇಲಿಯಾ, ಮೂಲತಃ ಮೆಕ್ಸಿಕೋ ದೇಶದ ಗಿಡ. 1963ರಿಂದ ಅದು ಅಲ್ಲಿನ ರಾಷ್ಟ್ರೀಯ ಹೂವು. ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ನೆನಪಿಗಾಗಿ ಡೇಲಿಯಾ ಎಂಬ ಹೆಸರು ಇಟ್ಟರು.

ನನ್ನ ಮೊದಲ ತಪ್ಪು ಕಣ್ಣಿನದು. ಆಲೂಗಡ್ಡೆಗೆ ಮೈಮೇಲೆಲ್ಲ ಕಣ್ಣುಗಳಿರುತ್ತವೆ. ಡೇರೆ ಹಾಗಲ್ಲ. ಅದು ಬೇರು ಉಬ್ಬಿ ಆದ ಗಡ್ಡೆ. ಗಡ್ಡೆಯ ಕುತ್ತಿಗೆ ಹಳೆಯ ದಂಟಿಗೆ ಸೇರುವ ಜಾಗದಲ್ಲಿ ಮಾತ್ರ ಕಣ್ಣು ಇರುತ್ತದೆ. ನಾನು ಗೊಂಚಲಿನಿಂದ ಗಡ್ಡೆಗಳನ್ನು ಕೈಯಲ್ಲೇ ಮುರಿದು, ದಂಟನ್ನು ತಿಪ್ಪೆಗೆ ಎಸೆದಿದ್ದೆ. ಕಣ್ಣುಗಳೆಲ್ಲ ದಂಟಿನ ಜೊತೆ ಹೋದವು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ವ್ಯಾಪಾರಿಯನ್ನು ಓಡಿಸಿ ಬಂಡವಾಳವನ್ನು ಮಾತ್ರ ಮಣ್ಣಲ್ಲಿ ಹೂತಿಟ್ಟೆ! ಚೂಪಾದ ಚಾಕುವಿನಿಂದ, ಪ್ರತಿ ಗಡ್ಡೆಗೂ ಕಣ್ಣಿರುವ ದಂಟಿನ ಚೂರು ಉಳಿಯುವಂತೆ ಕತ್ತರಿಸಬೇಕು.

ಎರಡನೆಯ ತಪ್ಪು ನೀರಿನದು. ಚಿಗುರು ಬರುವ ಮುಂಚೆ ಗಡ್ಡೆ ತನ್ನೊಳಗಿನ ಆಹಾರದಿಂದಲೇ ಬದುಕುತ್ತದೆ. ಆಗ ದಿನವೂ ನೀರು ಹಾಕಿದರೆ ಕೊಳೆಯುತ್ತದೆ.

ಸರಿಯಾದ ಕ್ರಮ ಹೀಗಿದೆ. ಮುಂಗಾರಿನ ಮುಂಚೆ, ಬಿಸಿಲು ಬೀಳುವ ಜಾಗದಲ್ಲಿ ಮಣ್ಣು ಏರಿಸಿ, ಹಳೆಯ ಗೊಬ್ಬರ ಬೆರೆಸಿ. ನೀರು ನಿಲ್ಲಬಾರದು. ಕಣ್ಣು ಮೇಲೆ ಬರುವಂತೆ ಗಡ್ಡೆಯನ್ನು ಮಲಗಿಸಿ ನಾಲ್ಕು ಇಂಚು ಮಣ್ಣು ಮುಚ್ಚಿ. ಗಿಡದಿಂದ ಗಿಡಕ್ಕೆ ಎರಡು ಅಡಿ ಜಾಗವಿರಲಿ. ಆಧಾರದ ಕೋಲನ್ನು ಅದೇ ದಿನ ನೆಡಿ. ಆಮೇಲೆ ನೆಟ್ಟರೆ ಗಡ್ಡೆಗೆ ಚುಚ್ಚುತ್ತದೆ. ಡೇರೆಯ ದಂಟು ಒಳಗೆ ಟೊಳ್ಳು, ಆದ್ದರಿಂದ ಗಾಳಿ ಮಳೆಗೆ ಬೇಗ ಮುರಿಯುತ್ತದೆ. ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿದರೆ ಕವಲೊಡೆದು ಹೆಚ್ಚು ಹೂ ಬಿಡುತ್ತದೆ. ಯೂರಿಯಾ ಜಾಸ್ತಿ ಹಾಕಿದರೆ ಬರೀ ಎಲೆ!

ಹೂ ಮುಗಿದು ಗಿಡ ಒಣಗಿದ ಮೇಲೆ ಗಡ್ಡೆಗಳನ್ನು ಗಾಯವಾಗದಂತೆ ಅಗೆದು, ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಇಡಬೇಕು.

ಬೀಜದಿಂದ ಬೆಳೆದ ಡೇರೆಗೆ ತಾಯಿಗಿಡದ ಬಣ್ಣವೇ ಬರುತ್ತದೆಂದು ಹೇಳಲಾಗದು. ಗಡ್ಡೆಯಿಂದ ಬೆಳೆದದ್ದು ಅದೇ ಬಣ್ಣ ಕೊಡುತ್ತದೆ. ಹಾಗಾಗಿ ಗಡ್ಡೆ ಹೋದರೆ ದಾದಿಮಾ ಅವರ ಆ ಕೆಂಪು ಬಣ್ಣವೂ ಹೋದಂತೆ ಎಂದು ತಿಳಿದಾಗ ನನಗೆ ಅಳು ಬಂತು. ಪಕ್ಕದ ಮನೆಯ ಅಕ್ಕನ ಹತ್ತಿರ ಹೇಳಿಕೊಂಡೆ. ಅವರು ಒಳಗೆ ಹೋಗಿ ಎರಡು ಗಡ್ಡೆ ತಂದು, "ನಿಮ್ಮಜ್ಜಿ ಕೊಟ್ಟಿದ್ದೇ ಕಣೇ ಇದು, ತಗೊಂಡು ಹೋಗು" ಎಂದರು.

ಎರಡರಲ್ಲಿ ಒಂದು ಚಿಗುರಿದೆ. ಈಗ ಸೊಂಟದೆತ್ತರ ಬೆಳೆದು ಮೊಗ್ಗು ಬಿಟ್ಟಿದೆ. ಮುಂದಿನ ವರ್ಷ ಗಡ್ಡೆ ಹೆಚ್ಚಾದರೆ ನಾಲ್ಕು ಮನೆಗೆ ಹಂಚುತ್ತೇನೆ. ಬೇಕಾದವರು ಈಗಲೇ ಹೇಳಿಡಿ. ಆದರೆ ದಂಟನ್ನು ಎಸೆಯಬೇಡಿ!