ಮಿದುಳಿನ ಚಿತ್ರದಲ್ಲಿ ವಂಶವಾಹಿಯ ಸುಳಿವು

ಕೈ ನಡುಕ, ತೊದಲು ಮಾತು, ಸೊಟ್ಟಗಾಗುವ ಕತ್ತು, ತೂರಾಡುವ ನಡಿಗೆ. ಚಲನೆಯ ಕಾಯಿಲೆಗಳು ಹೊರನೋಟಕ್ಕೆ ಒಂದನ್ನೊಂದು ಹೋಲುತ್ತವೆ. ಅವುಗಳಲ್ಲಿ ಹಲವಕ್ಕೆ ಮೂಲ ವಂಶವಾಹಿಯ ದೋಷ. ಯಾವ ವಂಶವಾಹಿಯನ್ನು ಪರೀಕ್ಷಿಸಬೇಕೆಂಬ ಸುಳಿವು ಎಷ್ಟೋ ಸಲ ಸಿಗುವುದು ಎಂಆರ್‌ಐ ಚಿತ್ರದಲ್ಲಿ.

ವಿಲ್ಸನ್ ಕಾಯಿಲೆಯನ್ನೇ ನೋಡಬಹುದು. 1912ರಲ್ಲಿ ಲಂಡನ್ನಿನ ನರವೈದ್ಯ ಸ್ಯಾಮ್ಯುಯೆಲ್ ಕಿನ್ನಿಯರ್ ವಿಲ್ಸನ್ ಇದನ್ನು ವಿವರಿಸಿದರು. ಊಟದಲ್ಲಿ ಬಂದ ಹೆಚ್ಚಿನ ತಾಮ್ರವನ್ನು ಲಿವರ್ ಪಿತ್ತದೊಂದಿಗೆ ಹೊರಹಾಕಬೇಕು. ಎಟಿಪಿ7ಬಿ ಎಂಬ ವಂಶವಾಹಿ ಕೆಟ್ಟಿದ್ದರೆ ಆ ತಾಮ್ರ ಲಿವರಿನಲ್ಲಿ ತುಂಬಿ, ಆಮೇಲೆ ಮಿದುಳಿಗೂ ಸೇರುತ್ತದೆ. ಎಂಆರ್‌ಐನ ಟಿ2 ಚಿತ್ರದಲ್ಲಿ ಮಿದುಳಿನ ಆಳದ ಪುಟಾಮೆನ್, ಥಲಾಮಸ್ ಭಾಗಗಳು ಬೆಳ್ಳಗೆ ಕಾಣುತ್ತವೆ. ಕೆಲವರ ನಡುಮಿದುಳಿನಲ್ಲಿ ಪಾಂಡಾದ ಮುಖವೇ ಮೂಡಿರುತ್ತದೆ: ಸುತ್ತಲೂ ಬಿಳುಪು, ಒಳಗೆ ಕಣ್ಣುಗಳಂತೆ ಎರಡು ಕಪ್ಪು ಚುಕ್ಕೆ. ಎಲ್ಲರಲ್ಲೂ ಇದು ಕಾಣದು, ಕಂಡರೆ ಅನುಮಾನ ಬಲವಾಗುತ್ತದೆ. ಆಗ ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿನ ತಾಮ್ರ, ಕಣ್ಣಿನ ಕರಿಗುಡ್ಡೆಯ ಅಂಚಿನ ಕಂದು ಉಂಗುರ ಇವನ್ನೆಲ್ಲ ನೋಡುತ್ತಾರೆ. ಅನುಮಾನ ಬರುವುದೇ ಇಲ್ಲಿ ಬಹಳ ಮುಖ್ಯ, ಏಕೆಂದರೆ ಈ ಕಾಯಿಲೆಗೆ ಮದ್ದಿದೆ. ಪೆನಿಸಿಲಮೈನ್ ಮತ್ತು ಸತುವಿನ ಮಾತ್ರೆಗಳನ್ನು ಬೇಗ ಶುರುಮಾಡಿ, ಜೀವನಪೂರ್ತಿ ಬಿಡದೆ ನುಂಗಿದರೆ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ಈ ರೋಗಿಗಳನ್ನು ನೋಡಿಕೊಳ್ಳುತ್ತಿದೆ.

ಪ್ಯಾಂಕ್2 ವಂಶವಾಹಿಯ ದೋಷದಲ್ಲಿ ಮಿದುಳಲ್ಲಿ ಕೂಡಿಕೊಳ್ಳುವುದು ಕಬ್ಬಿಣ. ಚಿತ್ರದಲ್ಲಿ ಮಿದುಳಿನ ಆಳದ ಗ್ಲೋಬಸ್ ಪ್ಯಾಲಿಡಸ್ ಭಾಗ ಕಪ್ಪಾಗಿ, ನಡುವೆ ಬಿಳಿ ಚುಕ್ಕೆ ಉಳಿದು ಹುಲಿಯ ಕಣ್ಣಿನಂತೆ ಕಾಣುತ್ತದೆ. ಹಂಟಿಂಗ್ಟನ್ ಕಾಯಿಲೆಯಲ್ಲಿ ಕಾಡೇಟ್ ಭಾಗ ಸೊರಗುತ್ತದೆ. ಆದರೂ ರೋಗವನ್ನು ಖಚಿತಪಡಿಸುವುದು 1993ರಲ್ಲಿ ಪತ್ತೆಯಾದ ಅದರ ವಂಶವಾಹಿಯ ಪರೀಕ್ಷೆಯೇ.

ಏನೂ ಕಾಣದ ಚಿತ್ರವೂ ಒಮ್ಮೊಮ್ಮೆ ಸುಳಿವೇ. ಬೆಳಗ್ಗೆ ಚೆನ್ನಾಗಿ ನಡೆಯುವ ಮಗು ಸಂಜೆಯ ಹೊತ್ತಿಗೆ ಕಾಲೆಳೆಯುತ್ತದೆ, ನಿದ್ದೆ ಮಾಡಿ ಎದ್ದರೆ ಮತ್ತೆ ಸರಿ. ಎಂಆರ್‌ಐನಲ್ಲಿ ದೋಷವಿಲ್ಲ, ಡೋಪಮೈನ್ ನರತಂತುಗಳನ್ನು ತೋರಿಸುವ ಡ್ಯಾಟ್ ಸ್ಕ್ಯಾನ್‌ನಲ್ಲೂ ಇಲ್ಲ. ಇಂಥ ಮಗುವಿಗೆ ಡೋಪಾಕ್ಕೆ ಸ್ಪಂದಿಸುವ ಡಿಸ್ಟೋನಿಯಾ, ಅಂದರೆ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುವ ಕಾಯಿಲೆ, ಇರಬಹುದು. ಚಿಕ್ಕ ಪ್ರಮಾಣದ ಲೆವೊಡೋಪಾ ಮದ್ದು ಅಂಥವರ ನಡಿಗೆಯನ್ನು ಅಚ್ಚರಿಯಾಗುವಷ್ಟು ಸರಿಪಡಿಸುತ್ತದೆ.

ಚಿತ್ರಕ್ಕೆ ಕಾಣುವುದು ಆಗಿಹೋದ ಹಾನಿ ಮಾತ್ರ. ವಿಲ್ಸನ್ ಕಾಯಿಲೆ ಪತ್ತೆಯಾದವರ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ವಂಶವಾಹಿ ಬಂದಾಗಲೇ ಈ ಕಾಯಿಲೆ ಬರುವುದು; ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಯಲ್ಲಿ ಇಬ್ಬರೂ ಒಂದೇ ದೋಷವನ್ನು ಹೊತ್ತಿರುವ ಸಂಭವ ಹೆಚ್ಚು. ಅಣ್ಣನಿಗೆ ಕಾಯಿಲೆ ಇದೆಯೆಂದು ತಿಳಿದ ದಿನವೇ, ಆಟವಾಡಿಕೊಂಡಿರುವ ತಂಗಿಯ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು, ಅವಳ ಸ್ಕ್ಯಾನ್ ಸರಿಯಾಗಿದ್ದರೂ.