ಸಣ್ಣ ಉರಿಯ ಪಲ್ಯ, ಗಾಣದ ಎಣ್ಣೆ

ನಮ್ಮ ಕಲಬುರಗಿ ಸೀಮೆಯಲ್ಲಿ ಜೋಳದ ರೊಟ್ಟಿಗೆ ಬದನೆಯ ಎಣ್ಣೆಗಾಯಿಯಂಥ ಜೊತೆ ಮತ್ತೊಂದಿಲ್ಲ. ತುರ್ಕಿ ದೇಶದಲ್ಲಿಯೂ ಹೆಸರಿನಲ್ಲಿಯೇ ಎಣ್ಣೆಯನ್ನು ಹೊತ್ತ ಪಲ್ಯಗಳ ಒಂದು ಕುಲವಿದೆ. ಅವರು ಇವುಗಳನ್ನು 'ಝೈತಿನ್‌ಯಾಲಿ' ಎನ್ನುತ್ತಾರೆ; ಆಲಿವ್ ಎಣ್ಣೆಯಲ್ಲಿ ಮಾಡಿದ್ದು ಎಂದು ಅದರ ಅರ್ಥ. ಬೀನ್ಸ್, ಬದನೆ, ಗಜ್ಜರಿ ಮೊದಲಾದ ಕಾಯಿಪಲ್ಯಗಳನ್ನು ಉಳ್ಳಾಗಡ್ಡಿ, ಟೊಮೆಟೊಗಳೊಡನೆ ಸ್ವಲ್ಪವೇ ನೀರು ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ, ಆರಿದ ಮೇಲೆ ಉಣ್ಣುವುದು ಅಲ್ಲಿಯ ರೂಢಿ. ಇವುಗಳಲ್ಲಿ ತುಂಬುಬದನೆಯ ಪಲ್ಯವೊಂದರ ಹೆಸರಿಗೆ 'ಇಮಾಮರು ಮೂರ್ಛೆ ಹೋದರು' ಎಂಬ ಅರ್ಥವಿದೆ. ರುಚಿಗೆ ಮೂರ್ಛೆ ಹೋದರೆಂದು ಕೆಲವರು, ಹೆಂಡತಿ ಸುರಿದ ಎಣ್ಣೆಯ ಲೆಕ್ಕ ಕೇಳಿ ಮೂರ್ಛೆ ಹೋದರೆಂದು ಕೆಲವರು ನಗುತ್ತ ಹೇಳುತ್ತಾರೆ. ಎರಡನೆಯ ಕಥೆಯಲ್ಲಿ ನಮಗೂ ಒಂದು ಪಾಠವುಂಟು.

ಈ ಅಡುಗೆಗಾಗಿ ದುಬಾರಿಯಾದ ಆಲಿವ್ ಎಣ್ಣೆಯನ್ನು ತರಬೇಕಾಗಿಲ್ಲ. ನಮ್ಮ ಎರೆಭೂಮಿಯ ಎಣ್ಣೆ ಕುಸುಬಿಯದು. ಹಿಂಗಾರಿನಲ್ಲಿ ಬಿತ್ತಿದ ಕುಸುಬಿ ನೆಲದ ತೇವವನ್ನೇ ನಂಬಿ ಬೆಳೆಯುತ್ತದೆ. ಜೋಳದ ಹೊಲದ ಅಂಚಿನಲ್ಲಿ ಅದರ ಮುಳ್ಳೇ ದನಗಳಿಗೆ ಬೇಲಿ. ಎಳೆಯ ಎಲೆಯೇ ಮನೆಗೆ ಪಲ್ಯ. ಆದರೆ ಆ ಮುಳ್ಳಿನಿಂದಾಗಿಯೇ ಕೊಯ್ಲು ಕಷ್ಟವಾಗಿ, ಆಳುಗಳು ದೊರೆಯದೆ, ರೈತರು ಕಡಲೆಯಂಥ ಬೆಳೆಗಳತ್ತ ಹೊರಳಿದರು. ಹೊಲದಿಂದ ಕುಸುಬಿ ಸರಿದಂತೆ ಅಡುಗೆಮನೆಯಿಂದ ಗಾಣದ ಎಣ್ಣೆಯೂ ಸರಿಯಿತು.

ಎರಡು ಎಣ್ಣೆಗಳ ಗುಣ ಒಂದೇ ಅಲ್ಲ. ಆಲಿವ್ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಪ್ರಧಾನ; ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲವೇ ಸುಮಾರು 70 ಭಾಗಕ್ಕೂ ಮಿಗಿಲು. ಲಿನೋಲಿಯಿಕ್ ಆಮ್ಲವನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಆದರೆ ಅದು ಬಿಸಿ, ಬೆಳಕು, ಗಾಳಿಗಳಿಗೆ ಬೇಗನೆ ಕೆಡುತ್ತದೆ. ಆದ್ದರಿಂದ ಗಾಣದ ಕುಸುಬಿ ಎಣ್ಣೆಯನ್ನು ಕರಿಯಲು ಬಳಸುವುದು, ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು ಸಲ್ಲದು. ನೀರಿನ ಅಂಶವಿರುವವರೆಗೆ ಪಾತ್ರೆಯೊಳಗಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲಿಯೇ ಇರುವುದರಿಂದ, ಸಣ್ಣ ಉರಿಯ ಈ ಪಲ್ಯಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ನಾಲ್ವರಿಗೆ ಸಾಕಾಗುವಷ್ಟು ಮಾಡುವ ಕ್ರಮ ಹೀಗಿದೆ. ಅರ್ಧ ಕಿಲೋ ಎಳೆಯ ಚೌಳಿಕಾಯಿ ಅಥವಾ ಬೀನ್ಸನ್ನು ತೊಳೆದು, ನಾರು ತೆಗೆದು ಮುರಿದುಕೊಳ್ಳಬೇಕು. ದಪ್ಪ ತಳದ ಪಾತ್ರೆಯಲ್ಲಿ ಹೆಚ್ಚಿದ ಒಂದು ಉಳ್ಳಾಗಡ್ಡಿ, ನಾಲ್ಕು ಎಸಳು ಬೆಳ್ಳುಳ್ಳಿ, ಅದರ ಮೇಲೆ ಕಾಯಿ, ಎಲ್ಲಕ್ಕಿಂತ ಮೇಲೆ ಎರಡು ಟೊಮೆಟೊ ಹರಡಬೇಕು. ಎರಡು ದೊಡ್ಡ ಚಮಚ ಎಣ್ಣೆ, ಅರ್ಧ ಸಣ್ಣ ಚಮಚ ಉಪ್ಪು, ಅರ್ಧ ಲೋಟ ನೀರು ಸೇರಿಸಿ ಮುಚ್ಚಿ, ಕಾಯಿ ಮೆತ್ತಗಾಗುವವರೆಗೆ ಸುಮಾರು 40 ನಿಮಿಷ ಬೇಯಿಸಬೇಕು. ನಡುವೆ ಕೈಯಾಡಿಸುವ ಅಗತ್ಯವಿಲ್ಲ. ತಳ ಹಿಡಿಯುವಂತಿದ್ದರೆ ಮಾತ್ರ ನೀರು ಚಿಮುಕಿಸಿದರೆ ಸಾಕು. ಇಳಿಸಿದ ಬಳಿಕ ಉಗುರುಬೆಚ್ಚಗಾಗಲು ಬಿಟ್ಟು ನಿಂಬೆರಸ ಹಿಂಡಬೇಕು. ಹುಳಿಯಿರುವುದರಿಂದ ಉಪ್ಪು ಕಡಿಮೆಯಾದದ್ದು ನಾಲಗೆಗೆ ಅಷ್ಟಾಗಿ ತಿಳಿಯದು. ಬದನೆ ಬಳಸುವುದಾದರೆ ಮೊದಲು ಹಬೆಯಲ್ಲಿ ಅರೆಬೇಯಿಸಿಕೊಳ್ಳುವುದು ಲೇಸು. ಹಸಿಬದನೆ ಸ್ಪಂಜಿನಂತೆ ಎಣ್ಣೆಯನ್ನು ಹೀರುತ್ತದೆ.

ಎಣ್ಣೆ ಯಾವುದೇ ಇರಲಿ, ಒಂದು ಗ್ರಾಂ ಎಣ್ಣೆ 9 ಕಿಲೋಕ್ಯಾಲರಿ ಶಕ್ತಿ ಕೊಡುತ್ತದೆ. ಮೇಲಿನ ಅಳತೆಯಲ್ಲಿ ಒಬ್ಬರ ಪಾಲಿಗೆ ಎಣ್ಣೆಯಿಂದ ಬರುವುದು ಸುಮಾರು 60 ಕಿಲೋಕ್ಯಾಲರಿ. ಡಬ್ಬಿಯಿಂದ ನೇರವಾಗಿ ಸುರಿದರೆ ಇದು ಸುಲಭವಾಗಿ ಮೂರು ಪಟ್ಟಾಗುತ್ತದೆ. ಒಳ್ಳೆಯ ಎಣ್ಣೆಯೆಂದು ಹೆಚ್ಚು ಹಾಕಿದರೆ ಒಳಿತೂ ಹೆಚ್ಚಾಗುವುದಿಲ್ಲ. ದಾಸೋಹದಂತೆ ನೂರಾರು ಮಂದಿಗೆ ಬಡಿಸುವ ಕಡೆ ಅಳತೆಯ ಸೌಟೊಂದನ್ನು ಇಟ್ಟುಕೊಂಡರೆ ಅಷ್ಟೂ ಜನರ ಆರೋಗ್ಯಕ್ಕೆ ಉಪಕಾರವಾದೀತು. ದಿನವೊಂದಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆಯಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹೃದ್ರೋಗ, ಮೂತ್ರಪಿಂಡದ ತೊಂದರೆಯುಳ್ಳವರು ತಮ್ಮ ವೈದ್ಯರ ಮಾತಿನಂತೆ ನಡೆಯಬೇಕು.

ಆರಿದ ಪಲ್ಯ ಉಣ್ಣುವ ಪದ್ಧತಿ ಚೆನ್ನವಾದರೂ ನಮ್ಮ ಬೇಸಿಗೆ ಬಿರುಸಿನದು. ಕಲಬುರಗಿ, ಕಮಲಾಪುರಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಮಾಡಿದ ಪಲ್ಯವನ್ನು ಒಂದು ಗಂಟೆಯೊಳಗೆ ಉಣ್ಣಬೇಕು, ಇಲ್ಲವೇ ಶೀತಪೆಟ್ಟಿಗೆಯಲ್ಲಿ ಇಡಬೇಕು. ಗಾಣದ ಎಣ್ಣೆಯನ್ನು ತಿಂಗಳಿಗೆ ಬೇಕಾದಷ್ಟೇ ತಂದು, ಬೆಳಕು ತಾಗದಂತೆ ಮುಚ್ಚಿಡಬೇಕು. ಕಮಟು ವಾಸನೆ ಬಂದರೆ ಬಳಸಬಾರದು.

ಶರಣಸಿರಸಗಿಯಂಥ ಎರೆನೆಲದ ಊರುಗಳ ಓದುಗರಲ್ಲಿ ನಮ್ಮದೊಂದು ವಿನಂತಿ: ಬರುವ ಹಿಂಗಾರಿನಲ್ಲಿ ಜೋಳದ ಸುತ್ತ ನಾಲ್ಕು ಸಾಲು ಕುಸುಬಿ ಬಿತ್ತಿರಿ. ಮುಳ್ಳಿಲ್ಲದ ತಳಿಗಳೂ ಈಗ ಇವೆ. ಮನೆಯ ಎಣ್ಣೆಯ ಒಂದು ಪಾಲಾದರೂ ಮನೆಯ ಹೊಲದಿಂದಲೇ ಬಂದೀತು.